ರಾಕ್ ನಿಷೇಧಿಸಿದ ಸರ್ಕಾರದ ಕಾಗದಪತ್ರ ಎಲ್ಲಿ?

ನಮಸ್ಕಾರ. ಇವತ್ತು ಮಾತಾಡ್ತಿರೋದು ‘ಸೋನಿಕ್ ಡಿಸ್ರಪ್ಟರ್ಸ್’ ಬಗ್ಗೆ. ಡಿಸಿ ಕಾಮಿಕ್ಸ್ 1987ರಲ್ಲಿ ಶುರು ಮಾಡಿದ ಕಾಮಿಕ್ ಸರಣಿ. ಬರಹ ಮೈಕ್ ಬ್ಯಾರನ್, ಚಿತ್ರ ಬ್ಯಾರಿ ಕ್ರೇನ್. 12 ಸಂಚಿಕೆ ಬರಬೇಕಿತ್ತು, 7ಕ್ಕೇ ನಿಂತುಹೋಯ್ತು. ರಾಕ್ ಸಂಗೀತವನ್ನೇ ನಿಷೇಧಿಸಿದ ಮುಂದಿನ ಕಾಲದ ಅಮೆರಿಕ, ಆ ಸರ್ಕಾರಕ್ಕೆ ಸಡ್ಡು ಹೊಡೆದು ಭೂಮಿ ಸುತ್ತುತ್ತಾ ಹಾಡು ಹಾಕೋ ಕಳ್ಳ ರೇಡಿಯೋ ಸ್ಟೇಷನ್. ಮೈಮೇಲೆ ಕೇಪ್ ಇಲ್ಲ ಅಷ್ಟೇ, ಅಚ್ಚು ಸೂಪರ್‌ಹೀರೋ ಕಥೆಯದ್ದೇ. ಇಂಥ ಚಿನ್ನದಂಥ ಐಡಿಯಾ ಇಟ್ಟುಕೊಂಡು ಕಾಮಿಕ್ ಕೆಟ್ಟಿತು. ಎಲ್ಲಿ ಕೆಟ್ಟಿತು ಅಂತ ಬಿಡಿಸಿ ನೋಡಬೇಕು. ರಾಕ್ ಬಗ್ಗೆ ಬರೋ ಕಾಮಿಕ್‌ಗಳು ಪದೇ ಪದೇ ಎಡವೋದು ಇದೇ ಜಾಗಗಳಲ್ಲಿ.

ಮೊದಲು ಆ ನಿಷೇಧ. ‘ಸರ್ಕಾರ ರಾಕ್ ನಿಷೇಧಿಸಿದೆ’ ಅಂತ ಒಂದು ಸಾಲು ಬರೆದರೆ ಮುಗೀಲಿಲ್ಲ. ಯಾವ ಇಲಾಖೆ? ಯಾವ ಆದೇಶ? ಎಷ್ಟು ಗಂಟೆಗೆ ಯಾರು ಬಂದು ಬಾಗಿಲು ತಟ್ಟುತ್ತಾರೆ? ಇಲ್ಲಿ ಕಾಣೋದು ಬರೀ ದೊಡ್ಡ ದನಿಯ ಖಳರು. ಬೇಕಾದ ಸರಕು ಮಾತ್ರ ಆಗಲೇ ಕಣ್ಣೆದುರಿಗಿತ್ತು. 1985ರ ಸೆಪ್ಟೆಂಬರ್ 19ರಂದು ಅಮೆರಿಕದ ಸೆನೆಟ್ ಸಮಿತಿಯಲ್ಲಿ ರಾಕ್ ಹಾಡುಗಳ ಸಾಹಿತ್ಯದ ಬಗ್ಗೆ ವಿಚಾರಣೆ ನಡೀತು. ಫ್ರಾಂಕ್ ಝಾಪ್ಪಾ, ಡೀ ಸ್ನೈಡರ್, ಜಾನ್ ಡೆನ್ವರ್, ಈ ಮೂವರು ಸಂಗೀತಗಾರರೂ ಬಂದು ವಾದಿಸಿದರು. ಕೊನೆಗೆ ಉಳಿದದ್ದು ಆಲ್ಬಂ ಮೇಲೊಂದು ಎಚ್ಚರಿಕೆ ಚೀಟಿ. ಕಾಮಿಕ್ಸ್ ಪ್ರಕಾಶಕರು ಇದನ್ನು ಮೂವತ್ತು ವರ್ಷ ಮೊದಲೇ ಅನುಭವಿಸಿದ್ದರು: 1954ರ ಕಾಮಿಕ್ಸ್ ಕೋಡ್ (ಪ್ರಕಾಶಕರೇ ಸೇರಿ ಮಾಡಿಕೊಂಡ ನೀತಿಸಂಹಿತೆ), ಮುಖಪುಟದ ಮೂಲೆಯಲ್ಲಿ ಪುಟ್ಟ ಮುದ್ರೆ. ಆ ಮುದ್ರೆ ಇಲ್ಲದ ಪುಸ್ತಕವನ್ನು ಬಹುಪಾಲು ವಿತರಕರು ಮುಟ್ಟುತ್ತಿರಲಿಲ್ಲ. ತಮ್ಮದೇ ಮನೆಯ ಈ ಇತಿಹಾಸ ಬಿಟ್ಟು, ಯಾವ ದೇಶಕ್ಕಾದರೂ ಹೊಂದೋ ಸರ್ವಾಧಿಕಾರವನ್ನು ತಂದು ಕೂರಿಸಿದರು.

ನಮ್ಮ ಮುಂಬೈಯನ್ನೇ ನೋಡಿ. ಧೋಬಿ ತಲಾವ್‌ನಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನ ಪಕ್ಕ ರಂಗ್ ಭವನ್. 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ ಅನ್ನೋ ಸಂಗೀತೋತ್ಸವ ಬೆಳೆದದ್ದು ಆ ಬಯಲು ರಂಗಮಂದಿರದಲ್ಲಿ. ಅಲ್ಲಿ ರಾಕ್ ನಿಲ್ಲಿಸೋಕೆ ಸೈನ್ಯ ಬರಲಿಲ್ಲ. ಆಸ್ಪತ್ರೆ, ಶಾಲೆ-ಕಾಲೇಜು, ಕೋರ್ಟುಗಳ ಸುತ್ತ 100 ಮೀಟರ್ ಸೈಲೆನ್ಸ್ ಝೋನ್ ಅನ್ನೋ 2000ದ ಶಬ್ದ ಮಾಲಿನ್ಯ ನಿಯಮ ಸಾಕಾಯ್ತು. ಅಂಥ ಕಡೆ ಮಿತಿ ಹಗಲಿಗೆ 50 ಡೆಸಿಬೆಲ್, ರಾತ್ರಿಗೆ 40. ಮೈಕ್ ಇಡದ ಡ್ರಮ್ ಕಿಟ್ ಒಂದೇ ಹತ್ತಿರದಿಂದ ಅಳೆದರೆ 100 ದಾಟುತ್ತೆ. ಇನ್ನು ಆಸ್ಪತ್ರೆಯಲ್ಲಿ ಮಲಗಿರೋ ರೋಗಿ ಖಳ ಅಲ್ಲ, ಅವರ ನಿದ್ದೆಗೂ ಹಕ್ಕಿದೆ. ಬರೆಯೋರು ಬೆವರು ಹರಿಸಬೇಕಾದ್ದು ಇಲ್ಲಿ.

ಆ ಆಕಾಶದ ರೇಡಿಯೋ ಸ್ಟೇಷನ್ನು ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಸೋ ವಿಷಯ. ಸುಮಾರು 400 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿದ್ದರೆ ಭೂಮಿಗೆ ಒಂದು ಸುತ್ತು ಹಾಕೋಕೆ 90 ನಿಮಿಷ ಚಿಲ್ಲರೆ. ಒಂದೂರಿನ ನೆತ್ತಿ ಮೇಲೆ ಹಾದುಹೋದರೂ ಹತ್ತು ನಿಮಿಷದಲ್ಲಿ ದಿಗಂತದ ಆಚೆ. ಕೆಳಗೆ ಭೂಮಿ ತಿರುಗ್ತಾ ಇರೋದ್ರಿಂದ ಪ್ರತಿ ಸುತ್ತಿಗೂ ಅದೇ ಊರು ಸಿಗೋದಿಲ್ಲ. ಅಂದ್ರೆ ಕೇಳುಗರಿಗೆ ಸಿಗೋದು ಎರಡು ಹಾಡು, ಹೆಚ್ಚಂದ್ರೆ ಮೂರು. ಟೆರೇಸ್ ಮೇಲೆ ಆಂಟೆನಾ ಹಿಡಿದು ಕಾಯೋರು, ಅದೇ ವೇಳಾಪಟ್ಟಿ ಲೆಕ್ಕ ಹಾಕಿ ದಾಳಿಗೆ ಹೊರಡೋ ಪೊಲೀಸರು, ಮೂರನೇ ಹಾಡು ಮುಗಿಯೋ ಮುಂಚೆ ಕರಗೋ ಸಿಗ್ನಲ್. ಸ್ಟೇಷನ್ ಒಂದೇ ಕಡೆ ನಿಂತಂತೆ ಇರಬೇಕಾದರೆ 36,000 ಕಿಲೋಮೀಟರ್ ಮೇಲೆ ಹೋಗಬೇಕು, ಆಗ ಮನೆಮನೆ ಮೇಲೆ ಡಿಶ್ ಬೇಕು, ಅದು ಬೀದಿಗೇ ಕಾಣುತ್ತೆ. ಎರಡು ದಾರಿಯಲ್ಲೂ ಕಥೆ ಇದೆ. ಕಾಮಿಕ್ ಒಂದನ್ನೂ ದುಡಿಸಿಕೊಳ್ಳಲಿಲ್ಲ.

ಆಮೇಲೆ ಸದ್ದು. ಕಾಗದದ ಮೇಲೆ ಸಂಗೀತ ಕೇಳಿಸೋದು ಚಿತ್ರದ ಚೌಕಗಳ, ಅಂದ್ರೆ ಪ್ಯಾನೆಲ್‌ಗಳ ಅಗಲದಿಂದ. ಪುಟದ ಮೇಲ್ಭಾಗದಲ್ಲಿ ನಾಲ್ಕು ಕಿರಿದಾದ, ಸಮ ಅಗಲದ ಪ್ಯಾನೆಲ್ ಇಡಿ, ಓದೋ ಕಣ್ಣಿಗೆ ನಾಲ್ಕು ಬೀಟ್ ಸಿಗುತ್ತೆ. ಅದರ ಕೆಳಗೆ ಪುಟದ ಪೂರ್ತಿ ಅಗಲಕ್ಕೆ ಒಂದೇ ಪ್ಯಾನೆಲ್, ಬಲಗಡೆ ಗೆರೆ ಹಾಕಬೇಡಿ: ತಂತಿ ಎಳೆದು ಹಿಡಿದ ಸ್ವರ ಅದು. ಆ ಪ್ಯಾನೆಲ್‌ನಲ್ಲಿ ಮಾತು ಬೇಡ. 40 ಪದದ ಬಲೂನ್ (ಪಾತ್ರದ ಮಾತು ಬರೆಯೋ ಗುಳ್ಳೆ) ಓದೋಕೆ ಹತ್ತತ್ರ 12 ಸೆಕೆಂಡ್ ಬೇಕು. ನಿಮಿಷಕ್ಕೆ 120 ಬೀಟ್‌ನ ಹಾಡಲ್ಲಿ ಅಷ್ಟರೊಳಗೆ 24 ಬೀಟ್, ಅಂದ್ರೆ ನಾಲ್ಕು ಬೀಟಿನ ಆರು ಪೂರ್ತಿ ಬಾರ್ ಕಳೆದುಹೋಗಿರುತ್ತೆ. ಗಿಟಾರ್ ಮೊಳಗೋ ಹೊತ್ತಿಗೆ ಪಾತ್ರ ಸ್ವಾತಂತ್ರ್ಯದ ಬಗ್ಗೆ ಭಾಷಣ ಶುರುಮಾಡಿದರೆ ಹಾಡು ಅಲ್ಲೇ ಸತ್ತಿತು. ಈ ಸರಣಿಯಲ್ಲಿ ಮಾತೇ ಜಾಸ್ತಿ.

1980ರಲ್ಲಿ ಮಾರ್ವೆಲ್‌ನ ಎಕ್ಸ್-ಮೆನ್ ಕಾಮಿಕ್‌ನ 130ನೇ ಸಂಚಿಕೆಗೆ ಬಂದ ಗಾಯಕಿ ಡ್ಯಾಝ್ಲರ್ ನೋಡಿ. ಆಕೆಯ ಶಕ್ತಿ ಸದ್ದನ್ನು ಬೆಳಕು ಮಾಡೋದು. ಡಿಸ್ಕೋ ಕಾಲದ ಪಾತ್ರ, ಆದರೂ ಬುಡದ ಯೋಚನೆ ಗಟ್ಟಿ: ಕೇಳಿಸದ್ದನ್ನು ಬಣ್ಣದಲ್ಲಿ ತೋರಿಸಬಹುದು.

ವಾದ್ಯಗಳನ್ನಂತೂ ರಾಕ್ ಗೊತ್ತಿರೋರ ಕೈಲಿ ಒಮ್ಮೆ ತಿದ್ದಿಸಿ. ಆರು ತಂತಿಯ ಗಿಟಾರಿಗೆ ಆರು ಬಿರಡೆ ಬೇಕು. ಎಲೆಕ್ಟ್ರಿಕ್ ಗಿಟಾರಿನಿಂದ ಕೇಬಲ್ ಹೊರಟು ಆಂಪ್ಲಿಫೈಯರ್‌ಗೆ ಸೇರಬೇಕು. ಫೀಡ್‌ಬ್ಯಾಕ್ ಬರಿಸೋ ದೃಶ್ಯ ಇದ್ದರೆ ಗಿಟಾರನ್ನು ಆಂಪ್ ಕಡೆ ತಿರುಗಿಸಿ ಬರೀರಿ. ಆಂಪಿನ ಸದ್ದು ತಂತಿಯನ್ನು ಮತ್ತೆ ಅಲುಗಿಸಿ, ಆ ಅಲುಗಾಟ ಮತ್ತೆ ಆಂಪಿಗೆ ಹೋದಾಗಲೇ ಆ ಕೂಗು ಹುಟ್ಟೋದು. ಜನರ ಕಡೆ ಮುಖ ಮಾಡಿ ಆಂಪಿನಿಂದ ಹತ್ತಾರು ಅಡಿ ದೂರ ನಿಂತ ಹೀರೋ ಕೈಲಿ ಅದು ಸುಲಭಕ್ಕೆ ಬರೋದಿಲ್ಲ.

ಕಥೆಗೋಸ್ಕರ ಓದೋರು ಈ ಸರಣಿಯನ್ನು ಬಿಟ್ಟುಬಿಡಿ. ಕಾಮಿಕ್ ಬರೆಯೋದು ಕಲೀತಿರೋರಿಗೆ ಮಾತ್ರ ಉಪಯೋಗ ಇದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ಹೋಗಿಬರೋರಿಗೆ ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೇ ಪುಸ್ತಕದ ಸಾಲು ಗೊತ್ತೇ ಇರುತ್ತೆ. ಅಲ್ಲಿ ಇದರದ್ದೋ ಇಂಥದ್ದೇ ಇನ್ನೊಂದರದ್ದೋ ಬಿಡಿ ಸಂಚಿಕೆ ಕಡಿಮೆಗೆ ಸಿಕ್ಕರೆ ತಗೊಳ್ಳಿ. ಪೆನ್ಸಿಲ್ ಹಿಡಿದು ಹಾಡಿನ ಪುಟಗಳಲ್ಲಿ ಪ್ರತಿ ಬಲೂನಿನ ಪದ ಎಣಿಸಿ, ಹತ್ತು ದಾಟಿದ್ದನ್ನೆಲ್ಲ ಹೊಡೆದುಹಾಕಿ, ಉಳಿದದ್ದನ್ನು ಪ್ಯಾನೆಲ್ ಅಗಲ ಬದಲಿಸಿ ನೀವೇ ಇನ್ನೊಮ್ಮೆ ಜೋಡಿಸಿ.