ಹಾಲು ಕುಡಿಯೋ ಕೂಸಿಗೆ ಕಿಡ್ನಿ ಸ್ಟೋನ್

ಕಿಡ್ನಿ ಸ್ಟೋನ್ ಅಂದ್ರೆ ಸಾಕು, ನಮ್ಮಲ್ಲಿ ಎಲ್ಲರೂ ಡಾಕ್ಟರೇ. "ಬಾಳೆದಿಂಡಿನ ಪಲ್ಯ ತಿನ್ನು, ಬಾರ್ಲಿ ನೀರು ಕುಡಿ." ಆಯ್ತು, ದೊಡ್ಡವರಿಗೆ ಹೇಳ್ತೀರಿ. ಇನ್ನೂ ಅನ್ನಪ್ರಾಶನವೇ ಆಗದ ಕೂಸಿಗೆ?

2008ರಲ್ಲಿ ಚೀನಾದ ಆಸ್ಪತ್ರೆಗಳಿಗೆ ಬಂದಿದ್ದು ಅಂಥ ಕೂಸುಗಳೇ, ಡಬ್ಬದ ಹಾಲಿನಪುಡಿ ಕುಡಿದು ಬೆಳೀತಿದ್ದವು. ಉಚ್ಚೆ ಹೊಯ್ಯೋವಾಗ ಕಿರುಚಾಡೋದು, ಬಟ್ಟೆಯಲ್ಲಿ ಮರಳಿನಂಥ ಹರಳು, ಕೆಲವಕ್ಕೆ ರಕ್ತ. ಈ ಕಲ್ಲು ಮೆಲಮೈನ್ ಮತ್ತು ಯೂರಿಕ್ ಆಸಿಡ್ ಸೇರಿ ಕಟ್ಟಿದ್ದು, ಹಾಗಾಗಿ ಮಾಮೂಲಿ ಎಕ್ಸ್‌ರೇಗೆ ಸಿಗೋದು ಕಷ್ಟ, ಅಲ್ಟ್ರಾಸೌಂಡೇ ಬೇಕು. ಎರಡೂ ಕಡೆಯ ಮೂತ್ರನಾಳ ಕಟ್ಟಿಕೊಂಡರೆ ಉಚ್ಚೆ ನಿಂತೇಹೋಗುತ್ತೆ, ಕಿಡ್ನಿ ಕೈಕೊಡುತ್ತೆ.

ಮೆಲಮೈನ್ ಗೊತ್ತಲ್ಲ, ಹೋಟೆಲ್ ತಟ್ಟೆಗಳನ್ನ ಮಾಡೋಕೆ ಬಳಸೋ ರಾಸಾಯನಿಕ. ಅದು ಹಾಲಿಗೆ ಯಾಕೆ ಬಿತ್ತು? ಹಾಲಿಗೆ ನೀರು ಬೆರೆಸಿದ್ರು, ಪ್ರೋಟೀನ್ ಇಳೀತು. ಆದ್ರೆ ಪ್ರೋಟೀನ್ ಪರೀಕ್ಷೆ ಅಂತ ಮಾಡ್ತಿದ್ದಿದ್ದು ಸಾರಜನಕದ ಲೆಕ್ಕ. ಮೆಲಮೈನ್ ತೂಕದಲ್ಲಿ ಮೂರನೇ ಎರಡು ಭಾಗ ಸಾರಜನಕವೇ! ಒಂದು ಚಿಟಿಕೆ ಹಾಕಿದ್ರೆ ನೀರು ಹಾಲು ಕೂಡ ಪಾಸ್. ನಮ್ಮಲ್ಲಿ ಹಾಲಿಗೆ ಯೂರಿಯಾ ಬೆರೆಸ್ತಾರಲ್ಲ, ಅವರೂ ಇದೇ ಜಾತಿಯವರು, ನಗಬೇಡಿ.

ಕಲಬೆರಕೆ ಮಾಡಿದವರ ಮೇಲೆ ಸಿಟ್ಟು ಬರೋದು ಸಹಜ. ನನಗೆ ಅವರಿಗಿಂತ ಹೆಚ್ಚು ಸಿಟ್ಟು ಇರೋದು ಗೊತ್ತಿದ್ದೂ ಸುಮ್ಮನಿದ್ದವರ ಮೇಲೆ. ಆ ಹಾಲಿನಪುಡಿ ಮಾರ್ತಿದ್ದ ಚೀನಾದ ಸಾನ್‌ಲು ಕಂಪನಿಗೆ 2007ರ ಡಿಸೆಂಬರ್‌ನಿಂದಲೇ ದೂರು ಬರ್ತಿತ್ತು. ಅದರಲ್ಲಿ ಪಾಲಿದ್ದ ನ್ಯೂಜಿಲೆಂಡಿನ ಹಾಲಿನ ಕಂಪನಿ ಫಾಂಟೆರಾಗೆ 2008ರ ಆಗಸ್ಟ್ 2ಕ್ಕೆ ಗೊತ್ತಾಯ್ತು. ಆಗಸ್ಟ್ 8ಕ್ಕೆ ಬೀಜಿಂಗ್ ಒಲಿಂಪಿಕ್ಸ್. ಪಟಾಕಿ ಹೊಡೆದಿದ್ದೂ ಆಯ್ತು, ಪದಕ ಹಂಚಿದ್ದೂ ಆಯ್ತು. ಜನರಿಗೆ ಹೇಳಿ ಹಾಲಿನಪುಡಿ ವಾಪಸ್ ತಗೊಂಡಿದ್ದು ಸೆಪ್ಟೆಂಬರ್ 11ಕ್ಕೆ. ಅಷ್ಟೂ ದಿನ ತಾಯಂದಿರು ಅದೇ ಡಬ್ಬದಿಂದ ಅಳೆದು ಅಳೆದು ಬಾಟಲಿಗೆ ಹಾಕ್ತಿದ್ರು. ಸುಮಾರು 3 ಲಕ್ಷ ಮಕ್ಕಳಿಗೆ ತೊಂದರೆ, ಸರ್ಕಾರದ ಲೆಕ್ಕದಲ್ಲೇ 6 ಸಾವು.

ಶಿಕ್ಷೆ ಆಗಲಿಲ್ಲ ಅನ್ನೋಹಾಗಿಲ್ಲ. ಇಬ್ಬರನ್ನ 2009ರಲ್ಲಿ ಮರಣದಂಡನೆಗೆ ಕಳಿಸಿದ್ರು, ಕಂಪನಿಯ ಮುಖ್ಯಸ್ಥೆಗೆ ಜೀವಾವಧಿ. ಆದ್ರೆ ಜೈಲಿಗೆ ಹೋದ ಇನ್ನೊಬ್ಬರಿದ್ದಾರೆ, ಝಾವೋ ಲಿಯಾನ್‌ಹಾಯ್. ಇವರ ಮಗನಿಗೂ ಕಲ್ಲಾಗಿತ್ತು. ತಮ್ಮಂಥ ಅಪ್ಪ-ಅಮ್ಮಂದಿರನ್ನ ಒಟ್ಟುಗೂಡಿಸಿ ಪರಿಹಾರ ಕೇಳಿದ್ರು. 2010ರಲ್ಲಿ ಕೋರ್ಟ್ ಅವರಿಗೆ ಎರಡೂವರೆ ವರ್ಷ ಜೈಲು ವಿಧಿಸ್ತು, ಸಾರ್ವಜನಿಕ ಶಾಂತಿ ಕದಡಿದ್ದಕ್ಕೆ ಅಂತೆ.