ಮೊದಲು ಮುಳ್ಳನ್ನು ನೋಡಿ, ಆಮೇಲೆ ಪುಡಿ ಸುರಿಯಿರಿ

ನಾನು ಈಗ ನಿಂತಿರುವುದು ಪುಣೆಯ ವಾಕಡ್‌ನಲ್ಲಿರುವ ಒಂದು ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ. ತಲೆಯ ಮೇಲೆ ಈಜುಕೊಳ. ಮಕ್ಕಳು ನೀರಿಗೆ ಧುಮುಕುವ ಸದ್ದು ಇಲ್ಲಿಗೂ ಕೇಳುತ್ತದೆ. ನನ್ನ ಪಕ್ಕದಲ್ಲಿ ಗುಡಾಣದಂತೆ ಕುಳಿತಿರುವ ಈ ನೀಲಿ ತೊಟ್ಟಿಯೇ ಮರಳಿನ ಫಿಲ್ಟರ್. ಅದರ ನೆತ್ತಿಯ ಬಳಿ ಬಳೆಯಷ್ಟು ಅಗಲದ ಗಾಜಿನ ಮುಖ, ಅದರೊಳಗೆ ನೀರಿನ ಒತ್ತಡ ತೋರಿಸುವ ಒಂದು ಮುಳ್ಳು. ಕ್ಯಾಮೆರಾ ಹತ್ತಿರ ತನ್ನಿ. 12ರ ಮೇಲೆ ನಿಂತಿದೆ, ಕಾಣುತ್ತಿದೆಯೇ? ಇವತ್ತು ನಾನು ಹೇಳಬೇಕಾಗಿರುವುದು ಬಹುಪಾಲು ಈ ಮುಳ್ಳಿನ ಬಗ್ಗೆಯೇ.

ಗದಗದಿಂದ ಬಂದು ಹದಿನೇಳು ವರ್ಷಗಳಿಂದ ಈ ಊರಿನ ಕೊಳಗಳ ಪಂಪು, ಫಿಲ್ಟರುಗಳನ್ನು ದುರಸ್ತಿ ಮಾಡುತ್ತಿದ್ದೇನೆ. ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: ನೀರು ಕದಡಿದೆ. ಅದರ ಬೆನ್ನಿಗೇ ಇನ್ನೊಂದು ಮಾತು: ಕ್ಲೋರಿನ್ ಹಾಕಿದೆವು, ಸ್ಫಟಿಕ (ಆಲಂ) ಹಾಕಿದೆವು, ಇನ್ನೇನು ಹಾಕಬೇಕು? ಮುಳ್ಳು ಎಷ್ಟು ತೋರಿಸುತ್ತಿದೆ ಎಂದು ಕೇಳಿದರೆ ಆ ಕಡೆ ಮೌನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ರೋಗ ನೆಲಮಾಳಿಗೆಯ ತೊಟ್ಟಿಯಲ್ಲಿರುವಾಗ ಮದ್ದನ್ನು ಮೇಲಿನ ಕೊಳಕ್ಕೆ ಸುರಿಯುವುದನ್ನು ನಾನು ಎಷ್ಟು ಕಡೆ ನೋಡಿದ್ದೇನೆಂದರೆ, ಈಗ ಅದನ್ನು ಕಂಡಾಗ ನಿಜಕ್ಕೂ ಸಿಟ್ಟು ಬರುತ್ತದೆ. ಏಕೆಂದರೆ ಕದಡಿದ ನೀರು ಬರೀ ಅಂದಗೇಡಿಯಲ್ಲ. ಆಳದ ತುದಿಯಲ್ಲಿ ತಳದ ಜಾಲರಿ ಕಾಣದಷ್ಟು ನೀರು ಮಬ್ಬಾಗಿದ್ದರೆ, ಅಲ್ಲಿ ಮುಳುಗಿದ ಮಗುವೂ ಕಾಣುವುದಿಲ್ಲ. ಜಾಲರಿ ಕಾಣದ ದಿನ ಕೊಳದ ಬಾಗಿಲಿಗೆ ಬೀಗ ಹಾಕಬೇಕು. ಈ ವಿಷಯದಲ್ಲಿ ನಾನು ಯಾವ ಕಾರ್ಯದರ್ಶಿಯ ಮಾತನ್ನೂ ಕೇಳುವುದಿಲ್ಲ.

ಈ ತೊಟ್ಟಿಯೊಳಗೆ ಏನು ನಡೆಯುತ್ತದೆ ಎನ್ನುವುದನ್ನು ಒಮ್ಮೆ ತಿಳಿದುಕೊಂಡರೆ ಅರ್ಧ ತೊಂದರೆಗಳ ಕಾರಣ ತಾನಾಗಿಯೇ ಹೊಳೆಯುತ್ತದೆ. ಒಳಗಿರುವುದು ಸುಮಾರು 0.45ರಿಂದ 0.55 ಮಿಲಿಮೀಟರ್ ಗಾತ್ರದ, ಜರಡಿ ಹಿಡಿದ ಸಿಲಿಕಾ ಮರಳು. ಪಂಪು ತಳ್ಳಿದ ನೀರು ಮೇಲಿನಿಂದ ಮರಳಿಗೆ ಇಳಿಯುತ್ತದೆ, ಕೆಳಗೆ ಚಕ್ರದ ಅರಗಳಂತೆ ಹರಡಿರುವ, ಸೀಳುಗಳುಳ್ಳ ಪ್ಲಾಸ್ಟಿಕ್ ಕೊಳವೆಗಳ ಮೂಲಕ ಕೊಳಕ್ಕೆ ಮರಳುತ್ತದೆ. ಆ ಕೊಳವೆಗಳನ್ನು ಲ್ಯಾಟರಲ್ ಎನ್ನುತ್ತೇವೆ. ಶುಚಿಯಾದ ಮರಳು ಹಿಡಿಯುವುದು ಹೆಚ್ಚುಕಡಿಮೆ 20ರಿಂದ 40 ಮೈಕ್ರಾನಿನಷ್ಟು ದಪ್ಪದ ಕಣಗಳನ್ನು. ಇನ್ನೂ ಸಣ್ಣವು ಜಾರಿಹೋಗುತ್ತವೆ. ಆದರೆ ಕೆಲವು ದಿನ ಕಸ ಹಿಡಿದ ಮೇಲೆ ಹರಳುಗಳ ನಡುವಿನ ಸಂದು ಕಿರಿದಾಗಿ, ಅದೇ ಮರಳು ಮೊದಲು ಬಿಟ್ಟ ಕಣಗಳನ್ನೂ ಹಿಡಿಯತೊಡಗುತ್ತದೆ. ಅಂದರೆ ತುಸು ಕೊಳೆಯಾದ ಫಿಲ್ಟರ್ ತೊಳೆದಿಟ್ಟ ಫಿಲ್ಟರಿಗಿಂತ ಚೆನ್ನಾಗಿ ಸೋಸುತ್ತದೆ.

ಇದನ್ನು ಹೇಳಿದಾಗ ಯಾರೂ ಸುಲಭವಾಗಿ ಒಪ್ಪುವುದಿಲ್ಲ. ನಮ್ಮಲ್ಲಿ ಶುಚಿ ಎಂದರೆ ದಿನವೂ ತೊಳೆಯುವುದು. ಪಾತ್ರೆಯನ್ನು ತೊಳೆದಂತೆ, ಅಂಗಳವನ್ನು ತೊಳೆದಂತೆ ಫಿಲ್ಟರನ್ನೂ ದಿನಾ ಬೆಳಿಗ್ಗೆ ಬ್ಯಾಕ್‌ವಾಶ್ ಮಾಡಿಸುತ್ತಾರೆ, ಅಂದರೆ ನೀರನ್ನು ಕೆಳಗಿನಿಂದ ಮೇಲಕ್ಕೆ ತಿರುವಿ ಹಾಯಿಸಿ ಮರಳಿನ ಕಸವನ್ನು ಚರಂಡಿಗೆ ತಳ್ಳಿಸುತ್ತಾರೆ. ನೀರು ತಿಳಿಯಾಗುವಷ್ಟರಲ್ಲಿ ಮತ್ತೆ ತೊಳೆತ. ಆ ಮರಳಿಗೆ ಕೆಲಸ ಮಾಡಲು ಬಿಡುವುದೇ ಇಲ್ಲ. ನೀರಿನ ಲೆಕ್ಕವನ್ನೂ ಹಾಕಿ. 15 ಮೀಟರ್ ಉದ್ದ, 7 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳದಲ್ಲಿ 1,26,000 ಲೀಟರ್ ನೀರಿರುತ್ತದೆ. ಆರು ಗಂಟೆಗೊಮ್ಮೆ ಅಷ್ಟೂ ನೀರು ಫಿಲ್ಟರಿನ ಮೂಲಕ ಸುತ್ತಬೇಕೆಂದರೆ ಪಂಪು ಗಂಟೆಗೆ 21,000 ಲೀಟರ್ ತಳ್ಳಬೇಕು, ನಿಮಿಷಕ್ಕೆ 350. ಮೂರು ನಿಮಿಷದ ಬ್ಯಾಕ್‌ವಾಶ್ ಎಂದರೆ 1,050 ಲೀಟರ್ ಚರಂಡಿಗೆ. ದಿನವೂ ಮಾಡಿದರೆ ತಿಂಗಳಿಗೆ 31,500 ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ ಮೂರು ಟ್ಯಾಂಕರ್‌ಗಳಿಗಿಂತ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಬಾಣೇರ್, ಹಿಂಜವಡಿ, ವಾಘೋಲಿಯ ರಸ್ತೆಗಳಲ್ಲಿ ಟ್ಯಾಂಕರ್‌ಗಳ ಸಾಲು ನೋಡಿದವರಿಗೆ ಈ ಲೆಕ್ಕ ಎದೆಗೆ ತಾಗಬೇಕು. ಅದೂ ನೀರು ಇನ್ನಷ್ಟು ಮಬ್ಬಾಗಲು ಸುರಿದ ನೀರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹಾಗಾದರೆ ತೊಳೆಯುವುದು ಯಾವಾಗ? ಅದನ್ನು ಈ ಮುಳ್ಳು ಹೇಳುತ್ತದೆ. ಚೆನ್ನಾಗಿ ಬ್ಯಾಕ್‌ವಾಶ್ ಮಾಡಿದ ದಿನ, ಪಂಪು ಓಡುತ್ತಿರುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಬರೆದಿಡಿ. ಅದು ನಿಮ್ಮ ಫಿಲ್ಟರಿನ ಮೂಲ ಅಂಕಿ. ಇಲ್ಲಿ 12 ಪಿಎಸ್‌ಐ (ಒತ್ತಡದ ಅಳತೆ), ಪಕ್ಕದ ಸಮುಚ್ಚಯದಲ್ಲಿ 9 ಇರಬಹುದು, ಇನ್ನೊಂದು ಕಡೆ 15. ಪರರ ಅಂಕಿ ನಿಮಗೆ ಬೇಡ. ಕಸ ತುಂಬುತ್ತ ಹೋದಂತೆ ಮುಳ್ಳು ಏರುತ್ತದೆ. ಮೂಲ ಅಂಕಿಗಿಂತ 8ರಿಂದ 10 ಮೇಲೇರಿದಾಗ ತೊಳೆಯಿರಿ, ಅದಕ್ಕಿಂತ ಮೊದಲು ಕೈ ಹಚ್ಚಬೇಡಿ. ಒಂದು ಎಚ್ಚರಿಕೆ ಮಾತ್ರ: ಪಂಪು ನಿಲ್ಲಿಸಿದಾಗ ಮುಳ್ಳು ಸೊನ್ನೆಗೆ ಇಳಿಯಬೇಕು; ಇಲ್ಲಿಯಂತೆ ಕೊಳ ಫಿಲ್ಟರಿಗಿಂತ ಮೇಲಿದ್ದರೆ, ಆ ನೀರಿನ ಭಾರ ತೋರಿಸುವ ಕೆಲವೇ ಅಂಕಿಗೆ ಇಳಿಯಬೇಕು. ಇಳಿಯದಿದ್ದರೆ ಗೇಜ್ ಸತ್ತಿದೆ ಎಂದರ್ಥ. ಕೆಲವು ನೂರು ರೂಪಾಯಿಯ ವಸ್ತು, ಬದಲಾಯಿಸಿ.

ತೊಳೆಯುವಾಗ ನಡೆಯುವ ಒಂದು ತಪ್ಪಿನ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ನೀರಿನ ದಾರಿ ಬದಲಿಸುವ, ಆರು ಮನೆಗಳ (ಸ್ಥಾನಗಳ) ಈ ಹಿಡಿಯನ್ನು ನೋಡಿ, ಮಲ್ಟಿಪೋರ್ಟ್ ವಾಲ್ವ್ ಎನ್ನುತ್ತೇವೆ. ಪಂಪು ಓಡುತ್ತಿರುವಾಗ ಇದನ್ನು ಎಂದೂ ತಿರುಗಿಸಬಾರದು. ಒಳಗೆ ಜೇಡದ ಕಾಲಿನಂತೆ ಹರಡಿದ ರಬ್ಬರಿನ ಗ್ಯಾಸ್ಕೆಟ್ ಇದೆ. ಒತ್ತಡವಿರುವಾಗ ಹಿಡಿ ತಿರುಗಿಸಿದರೆ ಅದು ಕಿತ್ತು ಬರುತ್ತದೆ, ಸುರುಳಿಯಾಗುತ್ತದೆ. ಆಮೇಲೆ ಹಿಡಿಯನ್ನು ‘ಫಿಲ್ಟರ್’ ಎಂಬ ಮನೆಯಲ್ಲಿಟ್ಟರೂ ಚರಂಡಿಯ ಪೈಪಿನಲ್ಲಿ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಕೊಳದ ಮಟ್ಟ ದಿನವೂ ಇಳಿಯುತ್ತಿದೆ, ಎಲ್ಲೋ ಟೈಲ್ಸ್ ಬಿರುಕು ಬಿಟ್ಟಿರಬೇಕು ಎಂದು ಕೊಳವನ್ನೇ ಖಾಲಿ ಮಾಡಿಸಿದವರನ್ನು ನಾನು ಕಂಡಿದ್ದೇನೆ. ಸೋರುತ್ತಿದ್ದದ್ದು ಆ ರಬ್ಬರು. ಪಂಪು ನಿಲ್ಲಿಸಿ, ಹಿಡಿ ಒತ್ತಿ ಬ್ಯಾಕ್‌ವಾಶ್ ಮನೆಗೆ ತಿರುಗಿಸಿ, ಪಂಪು ಹಾಕಿ, ಪಕ್ಕದ ಗಾಜಿನ ಬುರುಡೆಯಲ್ಲಿ ನೀರು ತಿಳಿಯಾಗುವವರೆಗೆ ಎರಡು ಮೂರು ನಿಮಿಷ ಬಿಡಿ. ಮತ್ತೆ ಪಂಪು ನಿಲ್ಲಿಸಿ, ರಿನ್ಸ್ ಮನೆಗೆ ತಂದು ಅರ್ಧ ನಿಮಿಷದಿಂದ ಒಂದು ನಿಮಿಷ ಓಡಿಸಿ. ಈ ರಿನ್ಸ್ ಬಿಟ್ಟುಬಿಡುವವರೇ ಹೆಚ್ಚು. ಬಿಟ್ಟರೆ ಕೆಳಗಿನ ಕೊಳವೆಗಳಲ್ಲಿ ಉಳಿದ ರಾಡಿ ನೇರ ಕೊಳಕ್ಕೆ ಹೋಗುತ್ತದೆ, ನೀರಿನಲ್ಲಿ ಹೊಗೆಯಂತೆ ಹರಡುತ್ತದೆ. ಆಗ ತೊಳೆದರೂ ಕೊಳೆ ಬರುತ್ತಿದೆ ಎಂದು ಮರಳನ್ನು ದೂರುತ್ತಾರೆ.

ಮುಳ್ಳು ಏರುವ ಬದಲು ಮೂಲ ಅಂಕಿಗಿಂತ ಕೆಳಗಿಳಿದರೆ ತೊಂದರೆ ಫಿಲ್ಟರಿನದಲ್ಲ, ಪಂಪಿಗೆ ನೀರು ಸಾಲುತ್ತಿಲ್ಲ. ಪಂಪಿನ ಮುಂದಿನ ಬುಟ್ಟಿಯಲ್ಲಿ ಕೂದಲು, ಎಲೆ ತುಂಬಿರುತ್ತದೆ, ಇಲ್ಲವೇ ಕೊಳದ ಮಟ್ಟ ಇಳಿದಿರುತ್ತದೆ. ಕೊಳಕ್ಕೆ ಬೀಳುವ ನೀರಿನ ಜತೆ ಗುಳ್ಳೆಗಳು ಬರುತ್ತಿದ್ದರೆ ಹೀರುವ ಕಡೆಯಲ್ಲಿ ಎಲ್ಲೋ ಗಾಳಿ ನುಗ್ಗುತ್ತಿದೆ. ಬುಟ್ಟಿಯ ಮುಚ್ಚಳದ ರಬ್ಬರ್ ಉಂಗುರವನ್ನು ಮೊದಲು ನೋಡಿ.

ಎಲ್ಲಕ್ಕಿಂತ ಮನಸ್ಸಿಗೆ ನೋವು ಕೊಟ್ಟ ಪ್ರಕರಣವೊಂದನ್ನು ಹೇಳುತ್ತೇನೆ. ಬಾಣೇರ್ ಕಡೆಯ ಒಂದು ಸಮುಚ್ಚಯ. ಮೇ ತಿಂಗಳು. ಮೂರು ವಾರದಿಂದ ಕೊಳದ ನೀರು ಮಜ್ಜಿಗೆಯಂತೆ ಇತ್ತು. ಕೊಳ ನೋಡಿಕೊಳ್ಳುತ್ತಿದ್ದ ಹುಡುಗ ಕಲಬುರಗಿ ಕಡೆಯವನು, ಇಪ್ಪತ್ತೆರಡರ ವಯಸ್ಸು. ಅವನು ಸೋಮಾರಿ ಎಂದು ಸಭೆಯಲ್ಲಿ ತೀರ್ಮಾನವಾಗಿ, ಸಂಬಳದಲ್ಲಿ ಕಡಿತವೂ ಆಗಿತ್ತು. ನಾನು ಹೋಗಿ ನೋಡಿದಾಗ ಪಂಪು ನಿಂತಿದ್ದರೂ ಮುಳ್ಳು 14ರಲ್ಲೇ ಇತ್ತು. ಎಷ್ಟು ತಿಂಗಳಿಂದ ಅಲ್ಲಿತ್ತೋ. ತೊಟ್ಟಿಯ ಬಾಯಿ ತೆಗೆಸಿ ಕೈ ಇಳಿಸಿದರೆ ಮರಳು ಬೆರಳಿಗೆ ಸರಿಯಲಿಲ್ಲ. ಗಾರೆಯಂತೆ ಗಟ್ಟಿಯಾಗಿತ್ತು, ನಡುವೆ ಕೋಲು ತೂರಿದಂತೆ ತೂತುಗಳು. ನೀರು ಆ ತೂತುಗಳಲ್ಲಿ ಹರಿದು, ಸೋಸದೆಯೇ ಕೊಳಕ್ಕೆ ಮರಳುತ್ತಿತ್ತು.

ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಕೊಳಕ್ಕೆ ಬರುತ್ತಿದ್ದದ್ದು ಟ್ಯಾಂಕರಿನ ಕೊಳವೆಬಾವಿ ನೀರು, ಗಡಸು ನೀರು. ಅದಕ್ಕೆ ದಿನವೂ ಬ್ಲೀಚಿಂಗ್ ಪೌಡರನ್ನು ನೇರವಾಗಿ ಸುರಿಯುತ್ತಿದ್ದರು. ಆ ಪುಡಿಯಲ್ಲಿ ಕರಗದೆ ಉಳಿಯುವ ಸುಣ್ಣದ ಅಂಶವಿದೆ. ಅದು ನೀರಿನ ಪಿಎಚ್ ಅನ್ನೂ, ಅಂದರೆ ಆಮ್ಲ-ಕ್ಷಾರದ ಅಳತೆಯನ್ನೂ, ಏರಿಸುತ್ತದೆ. ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಅಲ್ಲಿ ಅದು ಎಂಟನ್ನು ದಾಟಿತ್ತು. ಅಂಥ ನೀರಿನಲ್ಲಿ ಕ್ಯಾಲ್ಸಿಯಂ ಕರಗಿ ನಿಲ್ಲುವುದಿಲ್ಲ, ಮರಳಿನ ಹರಳುಗಳಿಗೆ ಅಂಟಿ ಒಂದಕ್ಕೊಂದನ್ನು ಬೆಸೆಯುತ್ತದೆ. ನೀರು ಮಬ್ಬಾದಷ್ಟೂ ಪುಡಿ ಹೆಚ್ಚಿಸಿದರು, ಪುಡಿ ಹೆಚ್ಚಿಸಿದಷ್ಟೂ ಮರಳು ಕಲ್ಲಾಯಿತು. ಈ ಸುಳಿಯಲ್ಲಿ ಆ ಹುಡುಗನ ತಪ್ಪು ಎಲ್ಲಿತ್ತು? ಅವನಿಗೆ ಪುಡಿಯ ಚೀಲ ಕೊಟ್ಟಿದ್ದರು, ಪಿಎಚ್ ನೋಡುವ ಕಿಟ್ ಕೊಟ್ಟಿರಲಿಲ್ಲ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಗಷ್ಟು ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಹಾಕಬೇಕು ಎಂದು ಯಾರೂ ಹೇಳಿರಲಿಲ್ಲ. ನಾನು ಇದನ್ನು ಸಮಿತಿಯ ಮುಂದೆ ಬರೆದುಕೊಟ್ಟೆ. ಕಡಿತದ ಹಣ ಮರಳಿ ಬಂತು.

ಮರಳು ಬದಲಾಯಿಸಲೇಬೇಕಾಯಿತು. ಸಾಮಾನ್ಯವಾಗಿ ಒಳ್ಳೆಯ ಮರಳು ಐದರಿಂದ ಏಳು ವರ್ಷ ಬಾಳುತ್ತದೆ. ಬದಲಾಯಿಸುವಾಗ ಕಟ್ಟಡದ ಕೆಲಸದಲ್ಲಿ ಉಳಿದ ಕ್ರಶ್ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ತುಂಬಿಸಿ ದುಡ್ಡು ಉಳಿಸಿದೆವು ಎನ್ನುವವರಿಗೆ ನನ್ನ ವಿನಂತಿ: ಮಾಡಬೇಡಿ. ಅದರ ಹಿಟ್ಟಿನಂಥ ಧೂಳು ಲ್ಯಾಟರಲ್ ಸೀಳುಗಳಲ್ಲಿ ತೂರಿ ಕೊಳ ಸೇರುತ್ತದೆ, ದಪ್ಪ ಕಾಳುಗಳು ಏನನ್ನೂ ಹಿಡಿಯುವುದಿಲ್ಲ. ಸರಿಯಾದ ಮರಳನ್ನು ತುಂಬುವಾಗಲೂ ತೊಟ್ಟಿಯಲ್ಲಿ ಮೊದಲು ಅರ್ಧ ನೀರಿರಲಿ, ನಡುವಿನ ಕಂಬದ ಬಾಯಿಗೆ ಬಟ್ಟೆ ಕಟ್ಟಿರಲಿ. ಒಣ ತೊಟ್ಟಿಗೆ ಚೀಲ ಸುರಿದರೆ ಅದರ ಏಟಿಗೆ ಲ್ಯಾಟರಲ್ ಮುರಿಯುತ್ತದೆ. ಮುರಿದದ್ದು ಹೇಗೆ ಗೊತ್ತಾಗುತ್ತದೆ? ಕೊಳಕ್ಕೆ ನೀರು ಬೀಳುವ ಬಾಯಿಗಳ ಕೆಳಗೆ ಇರುವೆ ಗೂಡಿನಂತೆ ಮರಳಿನ ಪುಟ್ಟ ಗುಪ್ಪೆಗಳು ಕಾಣುತ್ತವೆ. ಹೊಸ ಮರಳು ತುಂಬಿದ ಮೊದಲ ದಿನ ಸ್ವಲ್ಪ ಬಂದರೆ ಗಾಬರಿ ಬೇಡ. ವಾರ ಕಳೆದರೂ ಬರುತ್ತಿದ್ದರೆ ತೊಟ್ಟಿಯನ್ನು ಖಾಲಿ ಮಾಡಿ ಕೊಳವೆ ಬದಲಿಸುವುದಲ್ಲದೆ ಬೇರೆ ದಾರಿಯಿಲ್ಲ.

ಈ ಊರಿನಲ್ಲಿ ಹಬ್ಬಗಳಿಗೂ ಫಿಲ್ಟರಿಗೂ ನಂಟಿದೆ. ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡ ಮೈಯಲ್ಲೇ ಮಕ್ಕಳು ಕೊಳಕ್ಕಿಳಿದರೆ ಆ ಜಿಡ್ಡು ಮರಳನ್ನು ಉಂಡೆಗಟ್ಟಿಸುತ್ತದೆ. ಹೋಳಿಯ ಐದನೆಯ ದಿನದ ರಂಗಪಂಚಮಿ ಇನ್ನೂ ಕಷ್ಟ. ಬಣ್ಣದ ಕಣಗಳು ಎಷ್ಟು ಸಣ್ಣವೆಂದರೆ ಮರಳು ಅವನ್ನು ಹಿಡಿಯಲಾರದು. ಎಷ್ಟು ದಿನ ಪಂಪು ಓಡಿಸಿದರೂ ನೀರು ನೇರಳೆಯಾಗಿಯೇ ಇರುತ್ತದೆ. ಆಗ ಸ್ಫಟಿಕಕ್ಕೆ, ಇಲ್ಲಿಯವರು ತುರಟಿ ಎನ್ನುತ್ತಾರಲ್ಲ ಅದಕ್ಕೆ, ನಿಜವಾದ ಕೆಲಸವಿದೆ. ಹಾಕಿ ಬೆರೆಸಿ, ಪಂಪು ನಿಲ್ಲಿಸಿ, ರಾತ್ರಿಯಿಡೀ ನೀರನ್ನು ಅಲುಗಿಸದೆ ಬಿಡಿ. ತಳದಲ್ಲಿ ಕೂತ ಗಸಿಯನ್ನು ಹೀರುವಾಗ ಹಿಡಿ ವೇಸ್ಟ್ ಮನೆಯಲ್ಲಿರಲಿ, ನೇರ ಚರಂಡಿಗೆ ಹೋಗಲಿ. ಫಿಲ್ಟರಿನ ಮೂಲಕ ಹೀರಿದಿರೋ, ಆ ಅಂಟು ಗಸಿ ಮರಳಿನ ಮೇಲೆ ಚರ್ಮ ಕಟ್ಟುತ್ತದೆ.

ಪ್ರತಿ ಪಂಪ್ ಕೋಣೆಯಲ್ಲೂ ನಾನು ಈಗ ಒಂದು ಕೆಲಸ ಮಾಡುತ್ತೇನೆ. ಈ ಹಿಡಿಯ ಮೇಲಿನ ಆರು ಹೆಸರುಗಳೂ ಇಂಗ್ಲಿಷಿನಲ್ಲಿವೆ. ನಾನು ಭೇಟಿಯಾಗುವ ಕೊಳದ ಹುಡುಗರಲ್ಲಿ ಎಷ್ಟೋ ಮಂದಿ ವಿಜಯಪುರ, ಕಲಬುರಗಿ, ಯಾದಗಿರಿಯ ಕನ್ನಡ ಶಾಲೆಗಳಲ್ಲಿ ಓದಿದವರು. ಅವರಿಗಾಗಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸುತ್ತೇನೆ: ಸೋಸು, ತಿರುವಿ ತೊಳೆ, ಜಾಲಿಸು, ಹೊರಚೆಲ್ಲು, ಸುತ್ತಿಸು, ಮುಚ್ಚು. ಪಕ್ಕದಲ್ಲಿ ಮರಾಠಿಯಲ್ಲೂ, ಏಕೆಂದರೆ ರಾತ್ರಿ ಪಾಳಿಯವನು ಲಾತೂರಿನವನಿರಬಹುದು. ಕೆಳಗೆ ದೊಡ್ಡದಾಗಿ ಆ ಫಿಲ್ಟರಿನ ಮೂಲ ಅಂಕಿ. ಬಾಣೇರಿನ ಗೋಡೆಯಲ್ಲಿ ಅದನ್ನು ಆ ಕಲಬುರಗಿಯ ಹುಡುಗನ ಕೈಯಿಂದಲೇ ಬರೆಸಿದೆ: 11.

ಕಳೆದ ವಾರ ಅವನ ಕರೆ ಬಂತು. ಮುಳ್ಳು 20ಕ್ಕೆ ಬಂದಿದೆ, ಕೊನೆಯ ಸಲ ತೊಳೆದು ಹನ್ನೆರಡು ದಿನವಾಯಿತು, ತಳದ ಜಾಲರಿಯ ಒಂದೊಂದು ಕಂಡಿಯೂ ಕಾಣುತ್ತಿದೆ ಎಂದ. ತೊಳೆಯಲೇ ಎಂದು ಅವನು ಕೇಳಲಿಲ್ಲ. ಪಂಪು ನಿಲ್ಲಿಸಿದ್ದೇನೆ, ಈಗ ಹಿಡಿ ತಿರುಗಿಸುತ್ತೇನೆ ಎಂದು ಹೇಳಿ ಫೋನ್ ಇಟ್ಟ.