ಮಗಳ ಮೊದಲ ಟರ್ಕಿ ಬೇಟೆ, ಮಿಸೌರಿಯ ಕಾಡಿನಲ್ಲಿ

ಈ ಕತ್ತಲಲ್ಲಿ ಗೂಬೆ ಕೂಗಿದ ಹಾಗೆ ಕೇಳಿಸಿತು ಅಲ್ವಾ? ಕೂಗಿದ್ದು ನಾನು. ಈಗ ದೂರದಿಂದ ಬರುವ ಸದ್ದು ಕೇಳಿ. ಗಳಗಳಗಳ ಅಂತ. ಅದು ಗಂಡು ಟರ್ಕಿ ಕೋಳಿ. ರಾತ್ರಿಯೆಲ್ಲ ಮರದ ಮೇಲೆ ಮಲಗಿರುತ್ತದೆ. ವಸಂತದಲ್ಲಿ ಗೂಬೆಯ ದನಿ ಕೇಳಿದರೂ ಸಾಕು, ತಡೆಯಲಾರದೆ ಉತ್ತರ ಕೊಟ್ಟುಬಿಡುತ್ತದೆ. ಹಕ್ಕಿ ಯಾವ ಕಡೆ ಇದೆ ಎಂದು ನಮಗೆ ತಿಳಿಯುವುದು ಹಾಗೆ.

ನಾವಿರುವುದು ಅಮೆರಿಕದ ಮಿಸೌರಿ ರಾಜ್ಯದ ದಕ್ಷಿಣಕ್ಕೆ, ಓಝಾರ್ಕ್ ಗುಡ್ಡಗಳಲ್ಲಿ. ಜಾಗ ಪರಿಚಯದ ರೈತರೊಬ್ಬರದು. ಅವರನ್ನು ಕೇಳಿಯೇ ಬಂದಿದ್ದೇವೆ. ಏಪ್ರಿಲ್‌ನಲ್ಲಿ ದೊಡ್ಡವರ ಸೀಸನ್ ಶುರುವಾಗುವ ಮೊದಲು ಇಲ್ಲಿ ಒಂದು ಶನಿವಾರ, ಭಾನುವಾರ ಮಕ್ಕಳಿಗೇ ಮೀಸಲು. 6ರಿಂದ 15 ವರ್ಷದವರಿಗೆ. ಒಂದು ಮಗುವಿಗೆ ಒಂದೇ ಹಕ್ಕಿ. ಜೊತೆಗೆ ಬಂದ ದೊಡ್ಡವರು ಹೊಡೆಯುವಂತಿಲ್ಲ. ಅದಕ್ಕೇ ನನ್ನ ಹತ್ತಿರ ಕೋವಿ ಇಲ್ಲ.

ನಾನು ಹುಟ್ಟಿದ್ದು ಕೊಡಗಿನಲ್ಲಿ. ಕೈಲ್ ಮುಹೂರ್ತದ ದಿನ ಮನೆಯ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಿದ್ದೆವು. ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ. ಬೇಟೆ ಮಾತ್ರ ಅಜ್ಜನ ಕಾಲದ ಮಾತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ, ಆಗಬೇಕಾದದ್ದೇ. ‘ಮತ್ತೆ ಅಲ್ಲಿ ಯಾಕೆ, ಅದೂ ಮಗುವಿನ ಕೈಲಿ?’ ಎಂದು ಅವ್ವ ಫೋನಿನಲ್ಲಿ ಕೇಳಿದರು. ಕೇಳಲೇಬೇಕಾದ ಪ್ರಶ್ನೆ.

ಅವ್ವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮರ ಕಡಿದು, ಸಿಕ್ಕಾಪಟ್ಟೆ ಹೊಡೆದು, ಮಿಸೌರಿಯಲ್ಲಿ ಟರ್ಕಿ ಒಂದು ಕಾಲಕ್ಕೆ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಸಾಕಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದರು, ಅವು ಉಳಿಯಲಿಲ್ಲ. 1954ರಿಂದ ಅಳಿದುಳಿದ ಕಾಡುಹಕ್ಕಿಗಳನ್ನೇ ಹಿಡಿದು, ಖಾಲಿಯಾದ ಕಾಡುಗಳಿಗೆ ಒಯ್ದು ಬಿಟ್ಟರು. ಹಾಗೆ ಬೆಳೆದ ಮೇಲೆ, 1960ರಲ್ಲಿ, 14 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) 3 ದಿನ ಮಾತ್ರ ಬೇಟೆಗೆ ಬಿಟ್ಟರು. ಆ ವರ್ಷ ಸಿಕ್ಕಿದ್ದು 94 ಹಕ್ಕಿ. ಕೋವಿ, ತೋಟಾಗಳ ಮೇಲಿನ ತೆರಿಗೆ ಕಾಡುಪ್ರಾಣಿಗಳ ಕೆಲಸಕ್ಕೇ ಹೋಗಬೇಕು ಎಂಬ ಕಾನೂನು ಇಲ್ಲಿ 1937ರಿಂದ ಇದೆ. ಲೆಕ್ಕ ಇಟ್ಟು ಉಳಿಸಿದ ಹಕ್ಕಿ ಇದು. ಆ ಲೆಕ್ಕ ಮಗಳಿಗೆ ಗೊತ್ತಿರಬೇಕು. ಕೋವಿ ಆಮೇಲೆ.

ಈಗ ನೋಡುತ್ತಿರುವುದು ನಮ್ಮ ಮರಸು. ಬಟ್ಟೆಯ ಸಣ್ಣ ಡೇರೆ. ಟರ್ಕಿಗೆ ಮೂಗು ಅಷ್ಟಕ್ಕಷ್ಟೆ, ಆದರೆ ಕಣ್ಣು ವಿಪರೀತ ಚುರುಕು. ಬಣ್ಣವೂ ಕಾಣುತ್ತದೆ, ಬೆರಳು ಅಲ್ಲಾಡಿದರೂ ಕಾಣುತ್ತದೆ. ಹನ್ನೊಂದು ವರ್ಷದ ಹುಡುಗಿ ಗಂಟೆಗಟ್ಟಲೆ ಕಲ್ಲಿನಂತೆ ಕೂರಲು ಆಗುತ್ತಾ? ಡೇರೆಯೊಳಗೆ ಚಕ್ಕುಲಿ ತಿನ್ನಬಹುದು. ನಾವು ತೊಟ್ಟ ಬಟ್ಟೆಯಲ್ಲಿ ಕೆಂಪು, ಬಿಳಿ, ನೀಲಿ ಎಲ್ಲೂ ಇಲ್ಲ, ಕಾಲುಚೀಲದಲ್ಲೂ ಇಲ್ಲ. ಗಂಡು ಟರ್ಕಿಯ ತಲೆಗೆ ಇರುವುದು ಅದೇ ಮೂರು ಬಣ್ಣ. ಬೇರೆ ಬೇಟೆಗಾರ ಮೋಸಹೋಗಬಾರದು.

ಬಾಕ್ಸ್ ಕಾಲ್ ಎಂಬ ಮರದ ಸಣ್ಣ ಪೆಟ್ಟಿಗೆ ಉಜ್ಜಿ ಹೆಣ್ಣು ಟರ್ಕಿಯ ದನಿ ಹೊರಡಿಸುವುದು ನನ್ನ ಕೆಲಸ. ಮಗಳ 20 ಗೇಜ್ ಶಾಟ್‌ಗನ್ ಕೋವಿ ಸ್ಟ್ಯಾಂಡ್ ಮೇಲೆ ಕೂತಿದೆ. ಹೊರಡುವ ಮೊದಲೇ ನಾವಿಬ್ಬರೂ ಒಂದು ಮಾತು ಆಡಿಕೊಂಡಿದ್ದೆವು. ‘ಬೇಡ’ ಎಂದು ಯಾರು ಬೇಕಾದರೂ ಹೇಳಬಹುದು. ‘ಹೊಡಿ’ ಎಂದು ನಾನು ಹೇಳುವಂತಿಲ್ಲ. ಮಗುವನ್ನು ಕರೆದುಕೊಂಡು ಹೋಗುವ ಎಲ್ಲರಿಗೂ ನನ್ನ ಕಡೆಯಿಂದ ಇದೊಂದೇ ಕೋರಿಕೆ. ಅಪ್ಪ ಕಿವಿಯಲ್ಲಿ ‘ಹೊಡಿ ಹೊಡಿ’ ಅಂದರೆ ಮಗು ಹಕ್ಕಿಯನ್ನು ನೋಡುವುದಿಲ್ಲ, ಅಪ್ಪನ ಮಾತು ಕೇಳುತ್ತದೆ.

ಬಂತು ನೋಡಿ. ಬಾಲ ಬಿಚ್ಚಿ, ರೆಕ್ಕೆ ನೆಲಕ್ಕೆ ಎಳೆಯುತ್ತಾ. ಎದೆಯಲ್ಲಿ ಕುದುರೆ ಬಾಲದ ಕೂದಲಿನಂಥ ಗಡ್ಡ. ಇಪ್ಪತ್ತು ಹೆಜ್ಜೆ ಅಷ್ಟೆ. ಮಗಳು ಕೋವಿಯ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಗುಂಡಿ, ತೆಗೆದ ಸದ್ದು ನನಗೆ ಕೇಳಿಸಿತು. ಆಮೇಲೆ ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೇಫ್ಟಿ ಮತ್ತೆ ಹಾಕಿದ ಸದ್ದು. ‘ಹಿಂದೆ ಹೆಣ್ಣಿದೆ ಅಪ್ಪ’ ಅಂದಳು. ನಾನು ಕೂತ ಕಡೆಯಿಂದ ಆ ಹೆಣ್ಣು ಕಾಣುತ್ತಲೇ ಇರಲಿಲ್ಲ. ಶಾಟ್‌ಗನ್ ಗುಂಡು ಹರಡಿಕೊಂಡು ಹೋಗುತ್ತದೆ. ಒಂದಕ್ಕೆ ಇಟ್ಟರೆ ಎರಡಕ್ಕೂ ತಗಲುತ್ತಿತ್ತು. ಮೊಟ್ಟೆ ಇಡುವ ಕಾಲ ಇದು. ಎರಡೂ ಕಾಡಿನೊಳಗೆ ಹೊರಟುಹೋದವು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಡೇರೆಯೊಳಗೇ ಅವಳ ತಲೆ ನೇವರಿಸಿದೆ.

ಭಾನುವಾರ ಬೆಳಿಗ್ಗೆ ಒಂಟಿ ಹಕ್ಕಿ ಬಂತು. ಎಳೆಯ ಗಂಡು, ಗಡ್ಡ ಚೋಟುದ್ದ. ಕುತ್ತಿಗೆಗೆ ಗುರಿ, ಒಂದೇ ಏಟು. ಹತ್ತಿರ ಹೋದಾಗ ಅತ್ತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ, ಪಕ್ಕದಲ್ಲಿ ಕೂತೆ. ಕ್ಯಾಮೆರಾ ಆಫ್ ಮಾಡಿದ್ದೆ, ಅದಕ್ಕೇ ಆ ಭಾಗ ಇಲ್ಲಿಲ್ಲ. ಆಮೇಲೆ ಅವಳೇ ರೆಕ್ಕೆ ಬಿಡಿಸಿ ನೋಡಿದಳು. ಕಪ್ಪು ಅಂದುಕೊಂಡ ಗರಿಗಳು ಬಿಸಿಲಿಗೆ ತಾಮ್ರ, ಹಸಿರು ಹೊಳೆಯುತ್ತವೆ.

ಹೊಡೆದ ದಿನವೇ ರಾತ್ರಿ 10ರೊಳಗೆ ರಾಜ್ಯದ ಸಂರಕ್ಷಣಾ ಇಲಾಖೆಗೆ ವರದಿ ಮಾಡಬೇಕು. ಫೋನಿನಲ್ಲಿ ಅವಳೇ ಮಾಡಿದಳು. ಕಾಡುಹಕ್ಕಿಯ ಕಾಲು ಗಟ್ಟಿ, ನರ ಜಾಸ್ತಿ. ಹುರಿದ ಮಸಾಲೆ ಹಾಕಿ ನಿಧಾನಕ್ಕೆ ಬೇಯಿಸಿ, ಕೊನೆಗೆ ಊರಿನಿಂದ ತಂದ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ, ಬಿಟ್ಟೆವು. ಅಕ್ಕಿ ರೊಟ್ಟಿ ತಟ್ಟಿದ್ದು ನನ್ನ ಹೆಂಡತಿ. ಮೊದಲ ತಟ್ಟೆ ಜಾಗ ಕೊಟ್ಟ ರೈತರ ಮನೆಗೆ ಹೋಯಿತು. ಎದೆಯ ಮಾಂಸ ಫ್ರೀಜರ್‌ನಲ್ಲಿದೆ, ಅದರ ಅಡುಗೆ ಮುಂದಿನ ವಿಡಿಯೋದಲ್ಲಿ.